ಗಂಗಾವತಿಯ ಅಕ್ಕಿ, ಕಂಟೇನರ್‌ನೊಳಗಿನ ಕತ್ತಲೆ

ಗಂಗಾವತಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದು ರಾತ್ರಿಯ ದಾರಿ. ನಮ್ಮಲ್ಲಿ ನೀರು ಎಂದರೆ ತುಂಗಭದ್ರೆಯ ಎಡದಂಡೆ ಕಾಲುವೆ, ಅಷ್ಟೇ. ಮೂವತ್ತು ವರ್ಷ ಅಕ್ಕಿ ಮಿಲ್ಲು ನಡೆಸಿದ ನನ್ನ ತಂದೆ ಹಡಗನ್ನು ಕಣ್ಣಾರೆ ಕಂಡವರಲ್ಲ. ನಾನೂ ಮೊದಲ ಕಂಟೇನರ್ ಕಳುಹಿಸುವವರೆಗೆ ಕಂಡಿರಲಿಲ್ಲ. ಆದರೂ ಕಳೆದ ಏಳೆಂಟು ವರ್ಷಗಳಲ್ಲಿ ನಾನು ಭತ್ತದ ಧಾರಣೆಯ ಬಗ್ಗೆ ತಲೆಕೆಡಿಸಿಕೊಂಡಷ್ಟೇ ಹಡಗಿನ ವಿಮೆಯ ಬಗ್ಗೆಯೂ ಕೆಡಿಸಿಕೊಂಡಿದ್ದೇನೆ.

ಶುರುವಾದದ್ದು 2018ರ ಆಗಸ್ಟ್‌ನಲ್ಲಿ. ದುಬೈಯ ಒಬ್ಬ ವ್ಯಾಪಾರಿಗೆ 25 ಟನ್ ಸೋನಾ ಮಸೂರಿ, 25 ಕಿಲೋದ ಸಾವಿರ ಚೀಲ, ಸಿಐಎಫ್ ಲೆಕ್ಕದಲ್ಲಿ ಮಾರಿದ್ದೆ. ಸಿಐಎಫ್ ಎಂದರೆ ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಮೂರೂ ಮಾರುವವನ ತಲೆಯ ಮೇಲೆ. ಲಾರಿಯಲ್ಲಿ ಮಾಲು ಚೆನ್ನೈಗೆ ಹೋಯಿತು. ಅಲ್ಲಿನ ಗೋದಾಮಿನಲ್ಲಿ ಯಾರೋ ಕಂಟೇನರ್‌ಗೆ ತುಂಬಿದರು, ಯಾರೋ ಸೀಲು ಹಾಕಿದರು. ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಮೊಬೈಲ್‌ಗೆ ಫೋಟೋಗಳು ಬಂದವು. ಮೇಲಿನ ಎರಡು ಸಾಲಿನ ಚೀಲಗಳ ಮೇಲೆ ಕಂದು ಕಲೆ. ಕೆಲವನ್ನು ಬಿಚ್ಚಿದರೆ ಅಕ್ಕಿ ಹೆಪ್ಪುಗಟ್ಟಿ ಹಸಿರು ಬೂಸ್ಟು ಹಿಡಿದಿತ್ತು. 140 ಚೀಲ ಹೋಗಿತ್ತು.

ವಿಮೆ ಇದೆಯಲ್ಲ ಎಂದು ನಾನು ನಿಶ್ಚಿಂತೆಯಿಂದ ಮಲಗಿದೆ. ಆ ನಿದ್ದೆ ನೆನಪಾದರೆ ಈಗಲೂ ನಗು ಬರುತ್ತದೆ.

ದುಬೈಯಲ್ಲಿ ವಿಮಾ ಕಂಪನಿಯ ಸರ್ವೇಯರ್ ಬಂದು ಒದ್ದೆ ಚೀಲದ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ನಾಲ್ಕು ಹನಿ ಹಾಕಿದರು. ಉಪ್ಪಿನಂಶ ಇದ್ದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಆಗಲಿಲ್ಲ. ಅಂದರೆ ಸಮುದ್ರದ ನೀರು ಒಳಗೆ ಬಂದಿರಲಿಲ್ಲ. ಕಂಟೇನರ್ ತಾನೇ ಬೆವರಿತ್ತು. ಹಗಲು ಬಿಸಿಲಿಗೆ ಅಕ್ಕಿಯೊಳಗಿನ ತೇವ ಆವಿಯಾಗಿ ಮೇಲೆ ಹೋಗುತ್ತದೆ, ರಾತ್ರಿ ತಗಡು ತಣ್ಣಗಾದಾಗ ಅದೇ ಹನಿಯಾಗಿ ಚೀಲಗಳ ಮೇಲೆ ಸುರಿಯುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಅಡಿಯಲ್ಲಿ ನಡೆಯುವುದೂ ಇದೇ. ಅಡುಗೆಮನೆಯಲ್ಲಿ ದಿನವೂ ನೋಡುವುದನ್ನು ನಾನು 15 ಲಕ್ಷ ರೂಪಾಯಿಯ ಮಾಲಿನ ವಿಷಯದಲ್ಲಿ ಯೋಚಿಸಿರಲಿಲ್ಲ.

ಪಾಲಿಸಿ ತೆಗೆದು ಓದಿದೆ. ಪ್ರಪಂಚದಾದ್ಯಂತ ಹಡಗಿನ ಸರಕಿಗೆ ಹೆಚ್ಚಾಗಿ ಬಳಸುವುದು ಲಂಡನ್ನಿನಲ್ಲಿ ರೂಪಿಸಿದ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎಂಬ ಷರತ್ತುಗಳನ್ನು. ಅದರಲ್ಲಿ ಎ, ಬಿ, ಸಿ ಎಂದು ಮೂರು. 'ಸಿ'ಯಲ್ಲಿ ಹಡಗು ಮುಳುಗುವುದು, ಬೆಂಕಿ, ಡಿಕ್ಕಿಯಂತಹ ದೊಡ್ಡ ಅನಾಹುತಗಳು ಮಾತ್ರ. 'ಬಿ'ಯಲ್ಲಿ ಅವುಗಳ ಜೊತೆಗೆ ಸಮುದ್ರದ ನೀರು ನುಗ್ಗುವುದೂ ಸೇರುತ್ತದೆ. 'ಎ'ಯಲ್ಲಿ, ಬೇಡ ಎಂದು ಬರೆದಿರುವುದನ್ನು ಬಿಟ್ಟು ಉಳಿದೆಲ್ಲವೂ ಸೇರುತ್ತದೆ. ಸಿಐಎಫ್ ವ್ಯಾಪಾರದಲ್ಲಿ ಮಾರುವವನು ಕನಿಷ್ಠ 'ಸಿ' ಕೊಟ್ಟರೆ ಸಾಕು. ಅಂತರರಾಷ್ಟ್ರೀಯ ವ್ಯಾಪಾರದ ಷರತ್ತುಗಳ ಪಟ್ಟಿಯಾದ ಇನ್‌ಕೋಟರ್ಮ್ಸ್ 2020ರಲ್ಲೂ ಅದು ಹಾಗೆಯೇ ಉಳಿದಿದೆ. ನಾನು ಉದಾರ ಮನಸ್ಸಿನಿಂದ ಒಂದು ಮೆಟ್ಟಿಲು ಮೇಲೇರಿ 'ಬಿ' ತೆಗೆದುಕೊಂಡಿದ್ದೆ! 'ಎ'ಗೂ 'ಬಿ'ಗೂ ಆ ಕಂಟೇನರ್‌ಗೆ ಪ್ರೀಮಿಯಂ ವ್ಯತ್ಯಾಸ ಸಾವಿರ ರೂಪಾಯಿಗೂ ಕಡಿಮೆ. ಬೆವರು 'ಬಿ'ಯ ಪಟ್ಟಿಯಲ್ಲಿ ಇಲ್ಲ. ಕ್ಲೇಮು ತಿರಸ್ಕೃತವಾಯಿತು. ನಿಯಮದ ಪ್ರಕಾರ ಮಾಲು ಹಡಗೇರಿದ ಮೇಲೆ ನಷ್ಟ ಕೊಳ್ಳುವವನದು. ಆದರೆ ವ್ಯಾಪಾರ ಮುಂದುವರಿಯಬೇಕಾದರೆ ನಿಯಮ ಹೇಳುತ್ತಾ ಕೂರಲು ಆಗುತ್ತದೆಯೇ? ದುಬೈಯವರು ಮುಂದಿನ ಬಿಲ್ಲಿನಲ್ಲಿ ಮುರಿದುಕೊಂಡರು, ನಾನು ಬಾಯಿ ಮುಚ್ಚಿಕೊಂಡೆ.

ತಂದೆ ಒಂದೇ ಮಾತು ಕೇಳಿದರು: "ಚೀಲ ತುಂಬುವಾಗ ನೀನು ಅಲ್ಲಿ ಇದ್ದೆಯೇನಪ್ಪ?"

ಇರಲಿಲ್ಲ. ಆ ಪ್ರಶ್ನೆಯೇ ನನ್ನ ಕೆಲಸದ ರೀತಿಯನ್ನು ಬದಲಿಸಿತು. ಮಾಲನ್ನು ಚೆನ್ನೈಗೆ ಲಾರಿಯಲ್ಲಿ ಕಳುಹಿಸುವುದನ್ನು ನಿಲ್ಲಿಸಿ, ಖಾಲಿ ಕಂಟೇನರನ್ನೇ ಟ್ರೇಲರ್ ಮೇಲೆ ಮಿಲ್ಲಿನ ಅಂಗಳಕ್ಕೆ ತರಿಸಲು ಆರಂಭಿಸಿದೆ. ಬಾಡಿಗೆ ಹೆಚ್ಚು, ತಲೆನೋವೂ ಹೆಚ್ಚು. ನಮ್ಮ ಹಮಾಲರ ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನ ಕಂಟೇನರನ್ನು ಒಂದು ಸುತ್ತು ಹಾಕಿ, "ಸಾಹುಕಾರರೇ, ಇದು ಕಿಟಕಿಯಿಲ್ಲದ ಮನೆ. ಇದರಲ್ಲಿ ಮನುಷ್ಯನೇ ಬದುಕುವುದಿಲ್ಲ, ಅಕ್ಕಿ ಹೇಗೆ ಬದುಕುತ್ತದೆ?" ಎಂದರು. ಸರ್ವೇಯರ್ ವರದಿಯ ಆರು ಪುಟಗಳ ಸಾರ ಅದರಲ್ಲಿತ್ತು.

ಈಗ ನಮ್ಮಲ್ಲಿ ನಡೆಯುವುದು ಹೀಗೆ. ಅಕ್ಕಿಯ ತೇವಾಂಶ 14% ಇದ್ದರೂ ವ್ಯಾಪಾರಕ್ಕೆ ನಡೆಯುತ್ತದೆ, ಆದರೆ ಕಂಟೇನರ್‌ಗೆ ಹೋಗುವ ಮಾಲನ್ನು ನಾನು 13ಕ್ಕಿಂತ ಕೆಳಗೆ ಇಳಿಸಿಯೇ ತುಂಬಿಸುತ್ತೇನೆ. ಹಾಗೆ ಮಾಡಿದರೆ ತೂಕದಲ್ಲಿ ನಷ್ಟ, ಮಿಲ್ಲಿನಲ್ಲಿ ಇದಕ್ಕಾಗಿ ಜಗಳವೇ ಆಗಿದೆ. ಪ್ರತಿ ನೂರು ಚೀಲಕ್ಕೊಮ್ಮೆ ಮೀಟರ್ ತೋರಿಸುವ ಅಂಕಿಯ ಫೋಟೋ ತೆಗೆಯುತ್ತೇವೆ. ಕಂಟೇನರ್‌ನ ಗೋಡೆಗೆ, ನೆಲಕ್ಕೆ ಕ್ರಾಫ್ಟ್ ಕಾಗದ ಹೊದಿಸುತ್ತೇವೆ, ತೇವ ಹೀರುವ ಚೀಲಗಳನ್ನು ಪಕ್ಕಕ್ಕೆ ತೂಗುಹಾಕುತ್ತೇವೆ. (ಈ ಚೀಲಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಒಂದು ಒಡೆದು ಸೋರಿದರೂ ಸಿಲ್ವರ್ ನೈಟ್ರೇಟ್ ಬೆಳ್ಳಗಾಗಿ, ಸಮುದ್ರದ ನೀರು ಬಂದಿದೆಯೋ ಇಲ್ಲವೋ ಎಂಬುದೇ ಗೊಂದಲವಾಗುತ್ತದೆ.) ಮಳೆ ಬರುವಂತಿದ್ದರೆ ತುಂಬುವುದಿಲ್ಲ, ಹಡಗು ತಪ್ಪಿದರೂ ಸರಿ.

ಇವೆಲ್ಲಕ್ಕಿಂತ ಮುಂಚೆ ಕತ್ತಲೆ ಪರೀಕ್ಷೆ. ಒಬ್ಬರು ಖಾಲಿ ಕಂಟೇನರ್ ಒಳಗೆ ನಿಲ್ಲುತ್ತಾರೆ, ಹೊರಗಿನವರು ಬಾಗಿಲು ಹಾಕುತ್ತಾರೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲಾದರೂ ಸೂಜಿಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ ಎಂದರ್ಥ. ಮೇಸ್ತ್ರಿ ಒಳಗೆ ಹೋಗುವಾಗ ನಾನು ಅವರ ಕೈಗೆ ಮೊಬೈಲ್ ಕೊಟ್ಟೆ: "ಅಣ್ಣ, ಮೊದಲು ಕಂಟೇನರ್ ನಂಬರನ್ನು ವಿಡಿಯೋ ಮಾಡಿ, ನಿಲ್ಲಿಸದೆ ಹಾಗೇ ಒಳಗೆ ಹೋಗಿ." ಹೊರಗೆ ಬಂದಾಗ ಅವರು ಬೆವರಿನಲ್ಲಿ ತೊಯ್ದಿದ್ದರು. ವಿಡಿಯೋದಲ್ಲಿ ಎರಡು ನಿಮಿಷ ಕಪ್ಪು, ಮತ್ತು ಅವರ ಉಸಿರಾಟದ ಸದ್ದು. "ಇದನ್ನು ಯಾರು ನೋಡುತ್ತಾರೆ?" ಎಂದು ಎಲ್ಲರೂ ನಕ್ಕರು.

2022ರ ಆರಂಭದಲ್ಲಿ ನೋಡುವವರು ಸಿಕ್ಕರು. ಮತ್ತೊಂದು ಕಂಟೇನರ್‌ನ ಚಾವಣಿಯ ಮೂಲೆ ಹರಿದು 43 ಚೀಲ ನೆನೆದಿತ್ತು. ಈ ಸಲ ಸಿಲ್ವರ್ ನೈಟ್ರೇಟ್ ಬೆಳ್ಳಗಾಯಿತು, ಪಾಲಿಸಿಯೂ 'ಎ'. ಆದರೂ ವಿಮಾ ಕಂಪನಿಯಿಂದ ಪ್ರಶ್ನೆ ಬಂತು: ತುಂಬುವಾಗಲೇ ಕಂಟೇನರ್ ಸರಿ ಇರಲಿಲ್ಲ ಎನ್ನುವುದು ನಿಮಗೆ ಗೊತ್ತಿತ್ತೇ? 'ಎ'ಯಲ್ಲೂ ಈ ಷರತ್ತು ಇದೆ. ಮಾಲು ತುಂಬಿದವರು ನಾವೇ ಆಗಿದ್ದು, ಕಂಟೇನರ್‌ನ ದೋಷ ನಮಗೆ ತಿಳಿದಿದ್ದರೆ ಪರಿಹಾರವಿಲ್ಲ. ತುಂಬುವ ಕೆಲಸವನ್ನು ಮನೆಗೆ ತಂದುಕೊಂಡಾಗ ಈ ಹೊಣೆಯನ್ನೂ ತಂದುಕೊಂಡಿದ್ದೆ ಎನ್ನುವುದು ಆಗ ಅರಿವಾಯಿತು. ಕಪ್ಪು ವಿಡಿಯೋ ಕಳುಹಿಸಿದೆ. ಸರ್ವೇಯರ್ ಫೋನ್ ಮಾಡಿ, "ಇಪ್ಪತ್ತು ವರ್ಷದಲ್ಲಿ ಕತ್ತಲೆಯನ್ನು ಸಾಕ್ಷಿಯಾಗಿ ಕೊಟ್ಟವರು ನೀವೇ ಮೊದಲು" ಎಂದರು. ಹಣ ಬಂತು. ಕೊಳ್ಳುವವರು ಮಾಲು ಬಿಡಿಸಿಕೊಳ್ಳುವಾಗಲೇ ರಸೀದಿಯ ಮೇಲೆ ಹಾನಿಯನ್ನು ಬರೆಸಿ, ಹಡಗು ಕಂಪನಿಗೆ ಪತ್ರ ಕೊಟ್ಟಿದ್ದೂ ನೆರವಿಗೆ ಬಂತು. ಹೊರಗೆ ಕಾಣದ ಹಾನಿಯಾದರೆ ಅಂತಹ ಪತ್ರಕ್ಕೆ ಮೂರೇ ದಿನದ ಅವಕಾಶ, ಹಡಗು ಕಂಪನಿಯ ಮೇಲಿನ ದಾವೆಗೆ ಒಂದು ವರ್ಷ. ಈ ನಿಯಮಗಳಿದ್ದ 1925ರ ಸಮುದ್ರ ಸರಕು ಸಾಗಣೆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ನನ್ನಂತಹವರ ದಿನನಿತ್ಯದ ಕೆಲಸದಲ್ಲಿ ಅದರಿಂದ ಹೆಚ್ಚಿನ ಬದಲಾವಣೆ ಕಂಡಿಲ್ಲ.

ವಿಮೆ ಮುಟ್ಟದ ಪೆಟ್ಟುಗಳೂ ಇವೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಒಪ್ಪಂದಗಳು ಕೈಯಲ್ಲೇ ಉಳಿದವು. ಸರ್ಕಾರದ ಆದೇಶದಿಂದ ಮುರಿದುಬಿದ್ದ ವ್ಯಾಪಾರಕ್ಕೆ ಸರಕಿನ ಪಾಲಿಸಿ ಒಂದು ಪೈಸೆ ಕೊಡುವುದಿಲ್ಲ. ಮುಂದಿನ ತಿಂಗಳು ಕುಚ್ಚಲಕ್ಕಿಗೆ 20% ರಫ್ತು ಸುಂಕ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ. ಅದಕ್ಕೆ ಒಂದೂವರೆ ತಿಂಗಳು ಮೊದಲು, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ಕಾರಟಗಿ, ಸಿಂಧನೂರಿನ ಕ್ಯಾಂಪುಗಳವರೆಗೆ ಯಾರೂ ನಿದ್ದೆ ಮಾಡಿರಲಿಲ್ಲ. ಅಂತೂ ರಫ್ತು ತೆರೆದಾಗ ಸಮುದ್ರವೇ ಬದಲಾಗಿತ್ತು.

ಕೆಂಪು ಸಮುದ್ರದಲ್ಲಿ 2023ರ ನವೆಂಬರ್‌ನಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗನ್ನು ವಶಪಡಿಸಿಕೊಂಡಂದಿನಿಂದ ದೊಡ್ಡ ಕಂಪನಿಗಳ ಹಡಗುಗಳು ಒಂದೊಂದಾಗಿ ಸೂಯೆಜ್ ದಾರಿ ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರವನ್ನು ಸುತ್ತತೊಡಗಿದವು. ಕೆಂಪು ಸಮುದ್ರದ ದಾರಿಯಲ್ಲೇ ಹೋಗುವ ಹಡಗಿನ ಯುದ್ಧ ವಿಮೆಯ ದರ 2024ರ ಆರಂಭದಲ್ಲಿ ಹಡಗಿನ ಮೌಲ್ಯದ ಸುಮಾರು 1%ವರೆಗೂ ಏರಿತ್ತು. ನ್ಯೂಜೆರ್ಸಿಗೆ ಹೊರಟ ನನ್ನ ಅಕ್ಕಿಗೆ ಸುಮಾರು ಎರಡು ವಾರ ಹೆಚ್ಚು ಪ್ರಯಾಣ.

ಪತ್ರಿಕೆಗಳಲ್ಲಿ ಓದುವಾಗ ಇದು ಕ್ಷಿಪಣಿ, ಡ್ರೋನ್‌ಗಳ ಸುದ್ದಿ. ನನ್ನ ಮಿಲ್ಲಿಗೆ ಅದು ಬಂದದ್ದು ತೇವವಾಗಿ. ಹಡಗು ಬಿಸಿಲ ಸಮುದ್ರದಿಂದ ದಕ್ಷಿಣದ ತಂಪಿಗೆ ಇಳಿದು, ಮತ್ತೆ ಭೂಮಧ್ಯರೇಖೆ ದಾಟಿ, ಚಳಿಗಾಲದ ಅಟ್ಲಾಂಟಿಕ್‌ಗೆ ಏರುತ್ತದೆ. ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. 2018ರಲ್ಲಿ ನನ್ನನ್ನು ಕೆಡಿಸಿದ್ದ ಬೆವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕೇ? ಇನ್ನೊಂದು ಮುಳ್ಳು: ತಡವಾದದ್ದರಿಂದ ಆದ ನಷ್ಟಕ್ಕೆ 'ಎ' ಪಾಲಿಸಿಯೂ ಕೊಡುವುದಿಲ್ಲ. ತಡವಾಗಲು ಕಾರಣ ವಿಮೆಯೊಳಗೆ ಸೇರಿದ ಅಪಾಯವೇ ಆಗಿದ್ದರೂ ಕೊಡುವುದಿಲ್ಲ. ಆದ್ದರಿಂದ ಆ ವರ್ಷ ನಾನು ಖರ್ಚು ಮಾಡಿದ್ದು ಪಾಲಿಸಿಯ ಕಾಗದದ ಮೇಲಲ್ಲ, ತೇವ ಹೀರುವ ಚೀಲಗಳ ಮೇಲೆ. ಪ್ರತಿ ಕಂಟೇನರ್‌ಗೆ ಅವುಗಳನ್ನು ಒಂದೂವರೆ ಪಟ್ಟು ಹೆಚ್ಚಿಸಿದೆ.

ಯುದ್ಧ ವಿಮೆಯನ್ನೂ ತೆಗೆದುಕೊಂಡೆ, ಅದು 'ಎ'ಯೊಳಗೆ ಇರುವುದಿಲ್ಲ, ಬೇರೆಯಾಗಿಯೇ ಕೊಳ್ಳಬೇಕು. ಸರಕು ಹಡಗಿನ ಮೇಲೆ ಇರುವಾಗ ಮಾತ್ರ ಅದರ ರಕ್ಷಣೆ, ನೆಲದ ಮೇಲೆ ಇಲ್ಲ. ವಿಮಾ ಕಂಪನಿ 7 ದಿನದ ನೋಟಿಸ್ ಕೊಟ್ಟು ರದ್ದುಪಡಿಸಬಹುದು, ಆದರೆ ಆಗಲೇ ಹೊರಟ ಮಾಲಿಗೆ ಅದು ತಟ್ಟುವುದಿಲ್ಲ. ಈ ನೋಟಿಸ್ ಬಂದರೆ ತಪ್ಪದಿರಲಿ ಎಂದು ನಮ್ಮ ಗುಮಾಸ್ತರು ಬೆಳಿಗ್ಗೆ ಎದ್ದೊಡನೆ ಇಮೇಲ್ ನೋಡುತ್ತಾರೆ. ಮೊದಲು ಅವರು ನೋಡುತ್ತಿದ್ದುದು ಜಲಾಶಯದ ನೀರಿನ ಮಟ್ಟವನ್ನು.

ಕುಷ್ಟಗಿ ಕಡೆಯ ನನ್ನ ಸ್ನೇಹಿತರೊಬ್ಬರು ಗ್ರಾನೈಟ್ ಕಳುಹಿಸುತ್ತಾರೆ. ವಿಮೆಯ ಮಾತು ತೆಗೆದರೆ, "ಕಲ್ಲಿಗೆ ಏನಾಗುತ್ತದೆ ಮಾರಾಯರೇ?" ಎನ್ನುತ್ತಿದ್ದರು. ಕಲ್ಲಿಗೆ ಏನೂ ಆಗಲಿಲ್ಲ. ಹಡಗಿನ ಇಂಜಿನ್ ಕೋಣೆಗೆ ಬೆಂಕಿ ಬಿತ್ತು. ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಅಂದರೆ ಹಡಗನ್ನೂ ಎಲ್ಲರ ಮಾಲನ್ನೂ ಉಳಿಸಲು ಮಾಡಿದ ಖರ್ಚನ್ನು, ಬಿಟ್ಟುಕೊಟ್ಟ ನಷ್ಟವನ್ನು, ಹಡಗಿನ ಮಾಲೀಕರೂ ಸರಕಿನವರೆಲ್ಲರೂ ಮೌಲ್ಯಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. 2021ರಲ್ಲಿ ಎವರ್ ಗಿವನ್ ಸೂಯೆಜ್‌ನಲ್ಲಿ ಆರು ದಿನ ಅಡ್ಡ ನಿಂತಾಗಲೂ, 2024ರಲ್ಲಿ ಬಾಲ್ಟಿಮೋರ್ ಸೇತುವೆಗೆ ಗುದ್ದಿದ ಡಾಲಿ ಹಡಗಿನಲ್ಲೂ ಇದೇ ಆಯಿತು. ವಿಮೆ ಇದ್ದವರ ಪರವಾಗಿ ಕಂಪನಿ ಒಂದು ಗ್ಯಾರಂಟಿ ಪತ್ರ ಕೊಟ್ಟು ಮಾಲು ಬಿಡಿಸುತ್ತದೆ. ಇಲ್ಲದವರು ನಗದು ಠೇವಣಿ ಇಡಬೇಕು. ಕೊಳ್ಳುವವನು ಇನ್ನೂ ಹಣ ಕೊಟ್ಟಿರಲಿಲ್ಲ, ಠೇವಣಿಯನ್ನೂ ಇಡಲು ಒಪ್ಪಲಿಲ್ಲ. ಒಂದು ಚೂರೂ ಮುಕ್ಕಾಗದ ಕಲ್ಲಿಗೆ ಸ್ನೇಹಿತರು ಬಂದರಿನ ಬಾಡಿಗೆ ಕಟ್ಟುತ್ತಾ ಕುಳಿತರು. ಈಗ ಅವರು ಕಲ್ಲಿಗೆ 'ಸಿ' ತೆಗೆದುಕೊಳ್ಳುತ್ತಾರೆ. ಜನರಲ್ ಆವರೇಜ್ ಅದರಲ್ಲೂ ಸೇರುತ್ತದೆ, ಕಲ್ಲಿಗೆ ಅದು ಸಾಕು.

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಬಳಿ 640 ಕಂಟೇನರ್‌ಗಳೊಂದಿಗೆ ಮುಳುಗಿದಾಗ, ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿದೆ ಎಂಬ ಸುದ್ದಿ ಬಂತು. ಎರಡೇ ವಾರಕ್ಕೆ, ಜೂನ್ 9ರಂದು, ಕೇರಳದ ಆಚೆಗೆ ವಾನ್ ಹೈ 503ಕ್ಕೆ ಬೆಂಕಿ. ನನ್ನ ಮಾಲು ಎರಡರಲ್ಲೂ ಇರಲಿಲ್ಲ. ಆದರೆ ನನ್ನ ಅಕ್ಕಿಯ ಪಕ್ಕದ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ ಎಂಬುದು ಅಂದು ಮನಸ್ಸಿಗೆ ನಾಟಿತು. ಮೇಸ್ತ್ರಿಯ ಕತ್ತಲೆ ಪರೀಕ್ಷೆ ನಮ್ಮ ಪೆಟ್ಟಿಗೆಯ ಒಳಗಿನದನ್ನಷ್ಟೇ ನೋಡುತ್ತದೆ.

ವರ್ಷವಿಡೀ ಅನ್ವಯಿಸುವ ಓಪನ್ ಪಾಲಿಸಿ ಇಟ್ಟುಕೊಂಡವರಿಗೆ ಒಂದು ಮಾತು: ಪ್ರತಿ ರವಾನೆಯನ್ನೂ ತಿಳಿಸಿ. ಕ್ಷೇಮವಾಗಿ ತಲುಪಿದ್ದಕ್ಕೆ ಪ್ರೀಮಿಯಂ ಏಕೆ ಎಂದು ಬಚ್ಚಿಟ್ಟವರನ್ನು ನಾನು ಬಲ್ಲೆ. ನಮ್ಮ 1963ರ ಸಾಗರ ವಿಮಾ ಕಾಯ್ದೆ ನಿಂತಿರುವುದೇ ಪರಿಪೂರ್ಣ ವಿಶ್ವಾಸದ ಮೇಲೆ. ಹಾಗೆ ಮುಚ್ಚಿಟ್ಟದ್ದು ಮುಂದೆ ದೊಡ್ಡ ಕ್ಲೇಮಿನ ದಿನ ಎದುರಿಗೆ ಬಂದು ನಿಲ್ಲುತ್ತದೆ.

ಕಳೆದ ವಾರ ಚೆನ್ನೈಯಿಂದ ಕಂಟೇನರ್ ಬಂತು. ಹೊಸ ಬಣ್ಣ, ನೋಡಲು ಚೆಂದ. ಮೇಸ್ತ್ರಿ ಒಳಗೆ ಹೋದರು, ಬಾಗಿಲು ಹಾಕಿದೆವು. ಅರ್ಧ ನಿಮಿಷಕ್ಕೆ ಒಳಗಿನಿಂದ ತಗಡು ಬಡಿದ ಸದ್ದು. "ಸಾಹುಕಾರರೇ, ಇಲ್ಲಿ ಮೂರು ನಕ್ಷತ್ರ ಇವೆ!" ಟ್ರೇಲರ್ ಚಾಲಕ ಅಷ್ಟು ದೂರದಿಂದ ಬಂದವನು, ಗಮ್ ಟೇಪ್ ಹಚ್ಚಿದರೆ ಆಗುತ್ತದಲ್ಲ ಎಂದು ಬೇಡಿಕೊಂಡ. ಅವನಿಗೆ ಊಟ ಹಾಕಿಸಿ, ಹೋಗಿ ಬರುವ ಬಾಡಿಗೆ ಕೊಟ್ಟು, ಖಾಲಿಯಾಗಿಯೇ ವಾಪಸು ಕಳುಹಿಸಿದೆವು.