ಕೆಟ್ಟ ದಿನವನ್ನು ಮೊದಲು ನೋಡಿ ರೀಜನರೇಟರ್ ಇಟ್ಟೆ

"ಇಷ್ಟೇ ರೀಜನರೇಟರ್ ಇಟ್ಟರೆ ಮೊದಲ ಕೇಬಲ್ ಕಟ್‌ಗೇ ನೆಟ್‌ವರ್ಕ್ ಮಲಗುತ್ತೆ" ಅಂತ ನಮ್ಮ ತಂಡದಲ್ಲೇ ನಕ್ಕವರಿದ್ದರು. ರೀಜನರೇಟರ್ ಅಂದರೆ ಫೈಬರ್‌ನಲ್ಲಿ ದೂರ ಬಂದು ಕೆಟ್ಟ ಸಿಗ್ನಲ್ಲನ್ನು ಓದಿ ಹೊಸದಾಗಿ ಕಳಿಸುವ ಸಾಧನ. ಆಮೇಲೆ ನಾಲ್ಕು ಸಲ ಕಟ್ ಆಯಿತು. ನಾಲ್ಕೂ ಸಲ ಸರ್ಕ್ಯೂಟ್‌ಗಳೆಲ್ಲ ದಾರಿ ಬದಲಿಸಿಕೊಂಡು ಎದ್ದು ಕೂತವು.

ನಮ್ಮದು 24 ನೋಡ್‌ಗಳ ಫೈಬರ್ ಮೆಶ್, ಸ್ಪ್ಯಾನ್‌ಗಳು (ಎರಡು ಆಂಪ್ಲಿಫೈಯರ್ ನಡುವಿನ ತುಂಡುಗಳು) 80 ಕಿ.ಮೀ. ಆಸುಪಾಸು. ಮೊದಲ ಪ್ಲಾನ್ ಎಲ್ಲರೂ ಮಾಡುವಂಥದ್ದೇ. ವರ್ಕಿಂಗ್ ದಾರಿಯಲ್ಲಿ, ಅಂದರೆ ಎಲ್ಲ ಸರಿ ಇದ್ದಾಗ ಬೆಳಕು ಹೋಗುವ ದಾರಿಯಲ್ಲಿ, ಓಎಸ್‌ಎನ್‌ಆರ್ (ಗದ್ದಲದ ಎದುರು ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಅಳತೆ) ಎಲ್ಲಿ ಸಾಲದೋ ಅಲ್ಲಿ ಒಂದು ರೀಜನರೇಟರ್. ಒಂದು ಫೈಬರ್ ಕಡಿದ ದಿನ ಅದರ ಬಂಡವಾಳ ಬಯಲಾಯಿತು. ಬೆಳಕನ್ನು ಬೇಕಾದ ಫೈಬರ್‌ಗೆ ತಿರುಗಿಸುವ ರೋಡಮ್‌ಗಳು ದಾರಿ ಬದಲಿಸಿದವು, ಬೆಳಕು ಆ ತುದಿ ಮುಟ್ಟಿತು ಕೂಡ. ಆದರೆ 9 ಸ್ಪ್ಯಾನ್‌ನ ದಾರಿ 18 ಆಗಿತ್ತು. ಎರಡರಷ್ಟಾದರೆ 3 ಡಿಬಿ, ಅಂದರೆ ಓಎಸ್‌ಎನ್‌ಆರ್‌ನ ಅರ್ಧ, ಹೋಯಿತು ಅಂತಲೇ ಲೆಕ್ಕ ಅಲ್ವಾ? ನಮ್ಮ ಮಾರ್ಜಿನ್ ಇದ್ದದ್ದು ಒಂದೂವರೆ. ತಪ್ಪಾದ ಬಿಟ್‌ಗಳನ್ನು ತಿದ್ದುವ ಎಫ್‌ಇಸಿ ಕೈಚೆಲ್ಲಿತು.

ಗಾಬರಿಯಲ್ಲಿ ಇನ್ನಷ್ಟು ಕೊಂಡೆವು. ದುಡ್ಡು ನೀರಾದದ್ದು ಇಲ್ಲೇ. ಒಂದು ಲ್ಯಾಂಬ್ಡಾಗೆ (ಒಂದು ಬಣ್ಣದ ಬೆಳಕಿಗೆ) ಒಂದು ರೀಜನರೇಟರ್ ಅಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಟ್ರಾನ್ಸ್‌ಪಾಂಡರ್, ಬೆಳಕನ್ನು ವಿದ್ಯುತ್ತಾಗಿಸಿ ಮತ್ತೆ ಬೆಳಕಾಗಿಸುವ ಕಾರ್ಡ್‌ಗಳು, ಬೇಕು. ರೀಜನರೇಟರ್ ಲೆಕ್ಕ ಒಟ್ಟು 40ರ ಹತ್ತಿರ ಹೋಯಿತು. ಅರ್ಧಕ್ಕರ್ಧ ಕಾರ್ಡ್‌ಗಳು ಸುಮ್ನೆ ಕರೆಂಟ್ ತಿನ್ನುತ್ತಾ ಕೂತಿದ್ದವು. ಸಾಲದ್ದಕ್ಕೆ ನಿರ್ವಹಣೆ ಸುಲಭ ಅಂತ ಹೆಚ್ಚಿನವನ್ನು ಒಂದೇ ದೊಡ್ಡ ಹಬ್‌ನಲ್ಲಿ ಇಟ್ಟಿದ್ದೆವು. ಆ ಹಬ್‌ನ ಪವರ್ ಹೋದ ರಾತ್ರಿ ವರ್ಕಿಂಗೂ ಇಲ್ಲ, ಬ್ಯಾಕಪ್ಪೂ ಇಲ್ಲ. ಆ ಐಡಿಯಾ ನನ್ನದೇ, ಒಪ್ಪಿಕೊಳ್ಳುತ್ತೇನೆ.

ಮಧ್ಯೆ ಒಂದೆರಡು ಆಟಗಳೂ ನಡೆದವು. ಲಾಂಚ್ ಪವರ್, ಅಂದರೆ ಫೈಬರ್‌ಗೆ ಬಿಡುವ ಬೆಳಕಿನ ಬಲ, 2 ಡಿಬಿ ಏರಿಸಿ ನೋಡಿದೆ. ಬೆಳಕು ಜಾಸ್ತಿಯಾದರೆ ಫೈಬರ್ ಒಳಗೇ ಸಿಗ್ನಲ್ ಕೆಡಿಸುವ ನಾನ್‌ಲೀನಿಯರ್ ಕಾಟ ಶುರುವಾಗಿ ಪಕ್ಕದ ಚಾನೆಲ್‌ಗಳೂ ಕೆಟ್ಟವು, ಅದೇ ಸಂಜೆ ಇಳಿಸಿದೆ. ಎರಡು ಉದ್ದದ ಸ್ಪ್ಯಾನ್‌ಗೆ ಫೈಬರ್ ಒಳಗೇ ಸಿಗ್ನಲ್ ಬಲಪಡಿಸುವ ರಾಮನ್ ಆಂಪ್ಲಿಫೈಯರ್ ಹಾಕಿದ್ದು ಮಾತ್ರ ಕೈ ಹಿಡಿಯಿತು. ಬ್ಯಾಕಪ್‌ಗೆ ಹೋದಾಗ ಬೆಳಕಿಗೆ ಡೇಟಾ ತುಂಬುವ ವಿಧಾನದಲ್ಲಿ 16-ಕ್ವಾಮ್ ಬಿಟ್ಟು ಸರಳವಾದ ಕ್ಯೂಪಿಎಸ್‌ಕೆಗೆ ಇಳಿಯುವುದೂ ಚೆನ್ನಾಗಿ ಕೆಲಸ ಮಾಡಿತು. ವೇಗ ಅರ್ಧವಾಗುತ್ತದೆ, ಬೆಳಕು ಬಹಳ ದೂರ ಹೋಗುತ್ತದೆ. ಅರ್ಧ ವೇಗ ಸಾಕು ಅನ್ನುವ ಟ್ರಾಫಿಕ್‌ಗೆ ಇದರಿಂದಲೇ ಐದಾರು ರೀಜನರೇಟರ್ ಉಳಿದವು.

ಕೊನೆಗೆ ಲೆಕ್ಕವನ್ನು ತಿರುಗಿಸಿ ಹಾಕಿದೆ. ಎಲ್ಲ ಸರಿ ಇರುವ ದಿನವನ್ನು ಪಕ್ಕಕ್ಕಿಟ್ಟೆ. ಪ್ರತಿ ಲಿಂಕನ್ನು ಒಂದು ಸಲ, ಪ್ರತಿ ನೋಡನ್ನು ಒಂದು ಸಲ ಕೆಡವಿದೆ. ಪ್ರತಿ ಸಲವೂ ರೀಜನರೇಟರ್ ಇಲ್ಲದೆ ಯಾರು ಯಾರನ್ನು ಮುಟ್ಟಬಹುದು ಅಂತ ಹೊಸ ಗ್ರಾಫ್ ಬರೆದೆ. 60 ಚಿಲ್ಲರೆ ಗ್ರಾಫ್ ಆದವು. ಯಾವ ನೋಡ್ ಜಾಸ್ತಿ ಗ್ರಾಫ್‌ಗಳಲ್ಲಿ ಒಂದನ್ನೊಂದು ಮುಟ್ಟಲಾಗದ ಅನಾಥ ಜೋಡಿಗಳನ್ನು ಸೇರಿಸುತ್ತದೋ ಅದೇ ಮೊದಲ ಸೈಟ್. ಹೀಗೇ ಒಂದೊಂದಾಗಿ ಆರಿಸಿ, ಆಮೇಲೆ ಒಂದೊಂದನ್ನೇ ತೆಗೆದು ನೋಡಿದೆ. ತೆಗೆದರೂ ನಡೆಯಿತಾ? ಅದು ಪಟ್ಟಿಯಿಂದ ಔಟ್. ಸಮಸ್ಯೆ ಎನ್‌ಪಿ-ಹಾರ್ಡ್, ಅಂದರೆ ದೊಡ್ಡದಾದಂತೆ ಲೆಕ್ಕ ಕೈಮೀರುವಂಥದ್ದು, ನಿಜ, 24 ನೋಡಿಗೆ ಅದರ ಚಿಂತೆ ಬೇಡ.

ಮೊದಲ ರನ್‌ನಲ್ಲಿ ಎಡವಿದೆ. ಒಂದೇ ಡಕ್ಟ್‌ನಲ್ಲಿ (ನೆಲದಡಿಯ ಕೊಳವೆಯಲ್ಲಿ) ಮಲಗಿದ್ದ, ಹಾಗಾಗಿ ಒಟ್ಟಿಗೇ ಕಡಿಯಬಹುದಾದ ಎರಡು ಫೈಬರ್‌ಗಳನ್ನು ಬೇರೆ ಬೇರೆ ಅಂದುಕೊಂಡಿದ್ದೆ. ಡಕ್ಟ್ ದಾಖಲೆ ಹುಡುಕುವುದರಲ್ಲೇ ಮೂರು ವಾರ ಹೋಯಿತು.

ನಿಜವಾದ ಉಳಿತಾಯ ಹಂಚಿಕೆಯಲ್ಲಿತ್ತು. ಎರಡು ಕಡೆ ಒಟ್ಟಿಗೆ ಕಡಿಯುವುದು ಅಪರೂಪ. ಹಾಗಾಗಿ ಯಾವ ಬಣ್ಣ, ಯಾವ ದಿಕ್ಕಿಗಾದರೂ ತಿರುಗುವ ಪೋರ್ಟ್‌ಗಳ ಮೇಲೆ ಕಾರ್ಡ್‌ಗಳನ್ನು ಕೂರಿಸಿದರೆ ಒಂದೇ ಕಾರ್ಡ್ ಹತ್ತು ಕಟ್‌ಗೆ ಆಗುತ್ತದೆ. ಈಗ 6 ಸೈಟ್, ಸುಮಾರು 26 ರೀಜನರೇಟರ್. ಉಳಿದವು ಸ್ಪೇರ್ ಕಪಾಟಿನಲ್ಲಿವೆ.

ಅವತ್ತು ನಕ್ಕವರಲ್ಲೇ ಒಬ್ಬರು ಮೊನ್ನೆ ಸ್ಕ್ರಿಪ್ಟ್ ಕೇಳಿದರು. ಕೊಟ್ಟೆ. ಯಾವ ಫೇಲ್ಯೂರ್‌ಗೆ ಎಷ್ಟು ತೂಕ ಕೊಡಬೇಕು ಅನ್ನುವ ಪಟ್ಟಿ ಮಾತ್ರ ನನ್ನ ಹತ್ತಿರವೇ ಇದೆ.