ಐದು ಕೆಜಿ ಜೋಳ ಮೂರು ಕೆಜಿ ಆದಾಗ

ನಾನು ಹನ್ನೊಂದು ವರ್ಷದಿಂದ ಗದಗದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. ಈ ಕೆಲಸದಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಮಂಟಪದ ಸುತ್ತ ಎಷ್ಟು ಮಂದಿ ಇರುತ್ತಾರೋ ಅಷ್ಟೂ ಮುಖ ಬರಬೇಕು. ಊಟದ ಪಂಕ್ತಿಯಲ್ಲಿ ಕೂತವರು ಬರಬೇಕು. ಆಹೇರಿ ಕೊಟ್ಟವರಂತೂ ಬರಲೇಬೇಕು. ಒಮ್ಮೆ ಹುಡುಗಿಯ ಸೋದರಮಾವ ನಾಲ್ಕೇ ಸೆಕೆಂಡ್ ಕಾಣಿಸಿದರು ಅಂತ ಪೆನ್‌ಡ್ರೈವ್ ವಾಪಸ್ ಬಂದಿತ್ತು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಯಾರು ಯಾರು ಬಂದು ಹರಸಿದರು ಅಂತ ಹತ್ತು ವರ್ಷ ಆದ ಮೇಲೆ ನೋಡಿಕೊಳ್ಳಲು ಇರುವುದೇ ಅದೊಂದು, ಅಲ್ವಾ?

ಆದರೆ ನನ್ನದೇ ಒಂದು ಕಿರುಚಿತ್ರ ಮಾಡಲು ಕೂತಾಗ ಈ ರೂಢಿ ಜೊತೆಗೇ ಬಂದುಬಿಟ್ಟಿತು. ಮೊದಲ ಸಲ ಜೋಡಿಸಿದಾಗ ನನ್ನ ಚಿತ್ರ 26 ನಿಮಿಷ ಇತ್ತು. ಈಗ 8 ನಿಮಿಷ 40 ಸೆಕೆಂಡ್ ಇದೆ. ನಡುವಿನ ಹದಿನೇಳು ನಿಮಿಷ ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಬರೆಯುತ್ತೇನೆ. ಚಿತ್ರ ಮಾಡಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಬೇಕಾಗಬಹುದು.

ಕಥೆ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಬೆಟಗೇರಿಯಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಗಿರಣಿ ಇದೆ. ಚಿಕ್ಕವನಿದ್ದಾಗಿನಿಂದ ಜೋಳದ ಡಬ್ಬಿ ಹೊತ್ತುಕೊಂಡು ಅಲ್ಲಿಗೇ ಹೋಗುತ್ತಿದ್ದೆ. ಗಿರಣಿ ನಡೆಸುವವರನ್ನು ಓಣಿಯವರೆಲ್ಲ ಕಾಕಾ ಅಂತಲೇ ಕರೆಯುತ್ತಾರೆ. ಒಂದು ದಿನ ಡಬ್ಬಿಯನ್ನು ತೂಕದ ಕಾಟಾದ ಮೇಲೆ ಇಟ್ಟೆ. ಅವರು ನಂಬರ್ ನೋಡಿ, ನನ್ನ ಮುಖ ನೋಡಿ ಕೇಳಿದರು. "ಯಾಕ ತಮ್ಮಾ, ತಂಗಿ ಗಂಡನ ಮನಿಗೆ ವಾಪಸ್ ಹೋದ್ಲೇನು?"

ನಿಜವಾಗಿಯೂ ಹೋಗಿದ್ದಳು, ಹಿಂದಿನ ದಿನವೇ. ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಕಾಟಾದ ಮ್ಯಾಲೆ ಡಬ್ಬಿ ಇಟ್ರ ಗೊತ್ತಾಗತೈತಿ. ಮನಿಯಾಗ ಎಷ್ಟು ಮಂದಿ ಉಣ್ಣಾಕತ್ತಾರ ಅಂತ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಮಗ ದುಡಿಯಲು ಬೆಂಗಳೂರಿಗೆ ಹೋದ, ಯಾರ ಮನೆಯ ಹಿರಿಯರು ತೀರಿಹೋದರು, ಇದೆಲ್ಲ ಒಬ್ಬ ಮನುಷ್ಯನಿಗೆ ಜೋಳದ ತೂಕದಲ್ಲಿ ತಿಳಿಯುತ್ತದೆ, ಅವರು ಯಾರಿಗೂ ಹೇಳದೆ ಹಿಟ್ಟು ಬೀಸಿ ಕೊಡುತ್ತಾರೆ. ಬೆಳಿಗ್ಗೆ ಎದ್ದು ಬರೆಯಲು ಶುರು ಮಾಡಿದೆ. ಒಬ್ಬ ಹುಡುಗ ವಾರಕ್ಕೊಮ್ಮೆ ಐದು ಕೆಜಿ ಜೋಳ ತರುತ್ತಾನೆ. ಒಂದು ವಾರ ಮೂರೇ ಕೆಜಿ ತರುತ್ತಾನೆ. ಇಷ್ಟೇ ಕಥೆ.

ಇಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ನಾನು ಹುಡುಗನ ಅಣ್ಣನನ್ನು ಬರೆದೆ, ಅವನು ಬೆಂಗಳೂರಿಗೆ ಹೊರಡುವ ಬಸ್‌ಸ್ಟ್ಯಾಂಡ್ ದೃಶ್ಯ ಬರೆದೆ, ತಾಯಿ ರೊಟ್ಟಿ ಬಡಿಯುತ್ತ ಕಣ್ಣೀರು ಹಾಕುವುದನ್ನು ಬರೆದೆ, ಕಾಕಾನ ಹಳೆಯ ನೆನಪು ಒಂದನ್ನು ಬರೆದೆ. ಹದಿನಾಲ್ಕು ಪುಟ ಆಯಿತು. ಸ್ಕ್ರಿಪ್ಟ್‌ನಲ್ಲಿ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುತ್ತಾರೆ. ಮಾತು ಜಾಸ್ತಿ ಇದ್ದರೆ ಆ ಲೆಕ್ಕ ಹತ್ತಿರ ಬರುತ್ತದೆ. ಮೌನ ಇದ್ದರೆ ಪುಟ ಚಿಕ್ಕದು, ನಿಮಿಷ ಉದ್ದ. ಇದು ನನಗೆ ಜೋಡಿಸಲು ಕೂತಾಗಲೇ ಗೊತ್ತಾಗಿದ್ದು.

ಬರೆಯುವ ಮೊದಲು ಎರಡು ತಿಂಗಳು ರಾತ್ರಿ ಬರೀ ಕಿರುಚಿತ್ರ ನೋಡಿದ್ದೆ. ತೀರಾ ಶುರುವಿನಿಂದಲೇ ನೋಡಿದೆ. 1895ರ ಡಿಸೆಂಬರ್ 28ರಂದು ಲ್ಯೂಮಿಯೇರ್ ಸಹೋದರರು ಪ್ಯಾರಿಸ್‌ನ ಒಂದು ಕೆಫೆಯಲ್ಲಿ ದುಡ್ಡು ತೆಗೆದುಕೊಂಡು ಹತ್ತು ಚಿತ್ರ ತೋರಿಸಿದರಲ್ಲ, ಒಂದೊಂದೂ ಒಂದು ನಿಮಿಷದ ಒಳಗಿನದು. ಅದರಲ್ಲಿ ಒಬ್ಬ ಮಾಲಿ ಗಿಡಕ್ಕೆ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಬಂದ ಹುಡುಗ ಪೈಪನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಾನೆ. ನೀರು ನಿಂತಿತಲ್ಲ ಅಂತ ಮಾಲಿ ಪೈಪಿನ ಬಾಯಿ ನೋಡುತ್ತಾನೆ, ಹುಡುಗ ಕಾಲು ತೆಗೆಯುತ್ತಾನೆ, ನೀರು ಮುಖಕ್ಕೆ ರಾಚುತ್ತದೆ. ಮಾಲಿ ಯಾರು, ಹುಡುಗ ಯಾರ ಮಗ, ಯಾವ ಊರು, ಏನೂ ಗೊತ್ತಿಲ್ಲ. ಬೇಕೂ ಆಗುವುದಿಲ್ಲ.

ಸತ್ಯಜಿತ್ ರೇ 1964ರಲ್ಲಿ ಮಾಡಿದ 'ಟೂ' ಅನ್ನುವ ಚಿತ್ರವನ್ನು ನಾನು ಇಪ್ಪತ್ತು ಸಲವಾದರೂ ನೋಡಿರಬೇಕು. ದೊಡ್ಡ ಮನೆಯ ಒಳಗೆ ಆಟಿಕೆಗಳ ನಡುವೆ ಒಬ್ಬ ಹುಡುಗ. ಕಿಟಕಿಯ ಹೊರಗೆ ಗುಡಿಸಲ ಹತ್ತಿರ ಇನ್ನೊಬ್ಬ. ಒಂದೂ ಮಾತಿಲ್ಲ. ಹೊರಗಿನವನು ಕೊಳಲು ಊದಿದರೆ ಒಳಗಿನವನು ಆಟಿಕೆ ತುತ್ತೂರಿ ಊದುತ್ತಾನೆ. ಹೀಗೇ ಪೈಪೋಟಿ ಬೆಳೆಯುತ್ತದೆ, ಗಾಳಿಪಟಕ್ಕೆ ಬಂದೂಕಿನ ಗುರಿ ಇಡುವವರೆಗೂ. ಬಡವ ಶ್ರೀಮಂತ ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಒಂದು ಕಿಟಕಿಯೇ ಅದನ್ನು ಹೇಳಿಬಿಡುತ್ತದೆ. ನನ್ನ ಚಿತ್ರಕ್ಕೂ ಅಂಥದ್ದೊಂದು ಕಿಟಕಿ ಬೇಕಿತ್ತು. ಕಾಟಾ ಅದಾಗಲೇ ನನ್ನ ಕೈಯಲ್ಲೇ ಇತ್ತು. ಅದನ್ನು ನಂಬುವ ಧೈರ್ಯ ಇರಲಿಲ್ಲ ಅಷ್ಟೇ.

ಧೈರ್ಯ ಕೊಟ್ಟಿದ್ದು 2024ರ ಸುದ್ದಿ. ಮೈಸೂರಿನ ಚಿದಾನಂದ ನಾಯ್ಕ್ ಅವರು ಡಾಕ್ಟರ್ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಅಲ್ಲಿ ಕೋರ್ಸ್ ಮುಗಿಸುವಾಗ ಮಾಡಿದ ಕನ್ನಡ ಕಿರುಚಿತ್ರಕ್ಕೆ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಮುದುಕಿಯೊಬ್ಬಳು ಊರಿನ ಹುಂಜ ಕದ್ದುಕೊಂಡು ಹೋಗುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ, ಆ ಜನಪದ ಕಥೆ. ನಮ್ಮಲ್ಲಿ ಮಕ್ಕಳಿಗೆ ಹೇಳುವ ಥರದ್ದು. ಮನೆಯಲ್ಲಿ ಕೇಳಿದ ಕಥೆಗೆ ಇಷ್ಟು ಬಲ ಇದ್ದರೆ ಗಿರಣಿಯಲ್ಲಿ ಕೇಳಿದ ಒಂದು ಮಾತಿಗೂ ಇರಬಹುದು ಅಂತ ಅನ್ನಿಸಿತು.

ಗಿರಣಿಯ ಶೂಟಿಂಗ್‌ಗೆ ಎರಡು ಭಾನುವಾರ ಇಟ್ಟುಕೊಂಡೆ. ಮದುವೆಗೆ ಒಯ್ಯುವ ಕ್ಯಾಮೆರಾ, ಒಂದೇ 50 ಎಂಎಂ ಲೆನ್ಸ್. ಹುಡುಗನ ಪಾತ್ರಕ್ಕೆ ಅಕ್ಕನ ಮಗ. ಕಾಕಾ ಆಗಿ ಕಾಕಾನೇ.

ಮೊದಲ ತೊಂದರೆ ಟ್ಯೂಬ್‌ಲೈಟಿನದು. ಗಿರಣಿಯ ಒಳಗೆ ಹಳೆಯ ಟ್ಯೂಬ್‌ಲೈಟ್ ಇದೆ. ಕ್ಯಾಮೆರಾದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಅಂಥ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/60 ಇಟ್ಟರೆ ಅದಕ್ಕೆ ತಾಳ ಕೂಡುವುದಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟೆ. ಪಟ್ಟೆ ಹೋಯಿತು. ಎರಡನೆಯದು ಹಿಟ್ಟಿನ ಧೂಳು. ಅದು ಎಲ್ಲೆಂದರಲ್ಲಿ ಕೂರುತ್ತದೆ, ಕಾಕಾನ ರೆಪ್ಪೆಯ ಮೇಲೂ. ಗಿರಣಿಯ ಒಳಗೆ ಲೆನ್ಸ್ ಬಿಚ್ಚಲೇಬಾರದು. ಒಂದೇ ಲೆನ್ಸ್ ಇದ್ದದ್ದು ಒಳ್ಳೆಯದೇ ಆಯಿತು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿ, ಲೆನ್ಸಿನ ಬಾಯಿ ಮಾತ್ರ ತೆರೆದಿಟ್ಟುಕೊಂಡೆ.

ನಿಜವಾದ ಕಷ್ಟ ಸಪ್ಪಳದ್ದು. ಗಿರಣಿ ನಡೆಯುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅಲ್ಲಿಗೆ ಬರುವವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ, ಸಣ್ಣಗೆ ಬೀಸಬೇಕಾದರೆ ಹೆಬ್ಬೆರಳು ತೋರುಬೆರಳು ತಿಕ್ಕಿ ತೋರಿಸುತ್ತಾರೆ. ನಾನು ಕಾಕಾನಿಗೂ ಹುಡುಗನಿಗೂ ಎರಡು ಪುಟದ ಮಾತು ಬರೆದುಕೊಂಡು ಹೋಗಿದ್ದೆ. ಕಾಕಾ ಹಾಳೆ ನೋಡಿ ಹೇಳಿದರು, "ಮಷಿನ್ ನಡದಾಗ ಇಷ್ಟೆಲ್ಲಾ ಯಾರು ಮಾತಾಡ್ತಾರ?" ಆದರೂ ಬಿಡದೆ ಕಾಲರ್ ಮೈಕ್ ಹಾಕಿ ತೆಗೆದೆ. ಮನೆಗೆ ಬಂದು ಕೇಳಿದರೆ ಎಲ್ಲ ಒಡೆದುಹೋಗಿತ್ತು. ಒಂದು ಅಕ್ಷರವೂ ಸಿಗಲಿಲ್ಲ.

ಆ ವಾರ ಪೂರ್ತಿ ಯೋಚನೆ ಮಾಡಿದೆ. ಎರಡನೆಯ ಭಾನುವಾರ ಮಾತಿನ ಹಾಳೆ ಮನೆಯಲ್ಲೇ ಬಿಟ್ಟು ಹೋದೆ. ರೆಕಾರ್ಡರ್‌ನ ಲೆವೆಲ್ ಪೂರಾ ಇಳಿಸಿ ಬಾಗಿಲ ಹೊರಗೆ ಗೋಡೆಯ ಮರೆಯಲ್ಲಿ ಇಟ್ಟೆ. ಆಗ ಆ ಸಪ್ಪಳದೊಳಗಿನ ಬೇರೆ ಬೇರೆ ಸಪ್ಪಳ ಬಿಡಿಸಿಕೊಂಡು ಕೇಳಿಸಿತು: ಕಲ್ಲಿನ ಗುಂಯ್ ಅನ್ನುವ ಸದ್ದು, ಮಷಿನ್ ತಿರುಗಿಸುವ ಪಟ್ಟಾದ (ಬೆಲ್ಟಿನ) ಜೋಡಣೆ ಗಾಲಿಗೆ ತಾಗಿದಾಗಲೊಮ್ಮೆ ಬರುವ ಟಪ್, ಹಿಟ್ಟು ಬೀಳುವ ಬಟ್ಟೆಯ ತೋಳಿಗೆ ಕಾಕಾ ಹೊಡೆಯುವ ಏಟು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕರೆಂಟ್ ಹೋಯಿತು. ನಾನು ರೆಕಾರ್ಡರ್ ನಿಲ್ಲಿಸಲಿಲ್ಲ. ಗಿರಣಿ ಒಮ್ಮೆಲೇ ನಿಲ್ಲುವುದಿಲ್ಲ. ಗುಂಯ್ ಅನ್ನುವುದು ನಿಧಾನಕ್ಕೆ ದಪ್ಪ ಆಗುತ್ತ ಇಳಿಯುತ್ತದೆ, ಟಪ್ ಟಪ್ ದೂರ ದೂರ ಆಗುತ್ತದೆ, ಕೊನೆಗೆ ಪಟ್ಟಾ ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ಆಮೇಲೆ ಹೊರಗಿನ ಗುಬ್ಬಿ ಕೇಳಿಸಿತು. ಅಕ್ಕನ ಮಗ ಡಬ್ಬಿಯ ಪಕ್ಕ ಕೂತಿದ್ದ. ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಅವನನ್ನೇ ನೋಡಿದರು. ನಾನು ಏನೂ ಹೇಳಿರಲಿಲ್ಲ. ಕ್ಯಾಮೆರಾ ನಡೆಯುತ್ತಿತ್ತು.

ಆ ಒಂದೂವರೆ ನಿಮಿಷವೇ ಈಗ ಚಿತ್ರದ ನಡುಮಧ್ಯ ಇದೆ. ಮೂರು ಕೆಜಿ ತೂಗಿದ ಮೇಲೆ ಗಿರಣಿ ಶುರುವಾಗುತ್ತದೆ, ಕರೆಂಟ್ ಹೋಗುತ್ತದೆ, ಈಗ ಮಾತಾಡಬಹುದು, ಕೇಳಬಹುದು. ಇಬ್ಬರೂ ಕೇಳುವುದಿಲ್ಲ, ಹೇಳುವುದಿಲ್ಲ.

ಕಾಕಾನ ಮುಖದ ಬಗ್ಗೆ ಒಂದು ಮಾತು. ಅವರಿಗೆ ನಟನೆ ಮಾಡಿಸಲು ಹೋಗಲೇ ಇಲ್ಲ. ರಷ್ಯಾದ ಕುಲೆಶೊವ್ ಅನ್ನುವವರು ನೂರು ವರ್ಷದ ಹಿಂದೆಯೇ ಮಾಡಿದ ಪ್ರಯೋಗ ಸಿನಿಮಾ ಓದಿದ ಎಡಿಟರ್‌ಗಳಿಗೆಲ್ಲ ಗೊತ್ತು. ಒಂದೇ ಮುಖದ ಶಾಟ್ ಪಕ್ಕ ಸೂಪಿನ ಬಟ್ಟಲು ಇಟ್ಟರೆ ಹಸಿವು ಕಾಣುತ್ತದೆ, ಮಗುವಿನ ಶವ ಇಟ್ಟರೆ ದುಃಖ ಕಾಣುತ್ತದೆ, ಮುಖ ಮಾತ್ರ ಅದೇ. ನಾನು ಕಾಟಾದ ನಂಬರ್ ತೋರಿಸಿ ಕಾಕಾನ ಮುಖ ಇಟ್ಟೆ. ಮುಖ ಒರೆಸಿಕೊಂಡ ಮೇಲಿನ ಬರೀ ಆಯಾಸ ಅದು. ನೋಡಿದವರಿಗೆಲ್ಲ ಮರುಕ ಕಂಡಿದೆ. ಮದುವೆ ವಿಡಿಯೋದಲ್ಲಿ ಹುಡುಗಿಯ ಕಣ್ಣೀರಿನ ಪಕ್ಕ ಅಪ್ಪನ ಮುಖ ಇಡುವಾಗ ಇಷ್ಟು ವರ್ಷ ಇದನ್ನೇ ಮಾಡುತ್ತಿದ್ದೆ, ಹೆಸರು ಗೊತ್ತಿರಲಿಲ್ಲ.

ಆಮೇಲೆ ಕತ್ತರಿ. ಬಸ್‌ಸ್ಟ್ಯಾಂಡ್ ದೃಶ್ಯಕ್ಕೆ ಒಂದು ಇಡೀ ದಿನ ಹೋಗಿತ್ತು. ಗೆಳೆಯನೊಬ್ಬ ಅಣ್ಣನಾಗಿ ನಾಲ್ಕು ಸಲ ಬಸ್ ಹತ್ತಿ ಇಳಿದಿದ್ದ. ಸಂಜೆಯ ಬೆಳಕು ತುಂಬಾ ಚೆನ್ನಾಗಿ ಬಿದ್ದಿತ್ತು. ಅದನ್ನು ತೆಗೆಯಲು ನನಗೆ ಹದಿನೈದು ದಿನ ಹಿಡಿಯಿತು. ಗೆಳೆಯನಿಗೆ ಫೋನ್ ಮಾಡಿ ಹೇಳುವಾಗ ಗಂಟಲು ಕಟ್ಟಿತ್ತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ನನಗೆ ಆಯಿತು, ಇವತ್ತಿಗೂ ಇದೆ. ಆದರೂ ತೆಗೆದಿದ್ದು ಸರಿ. ಅಣ್ಣ ಬಸ್ ಹತ್ತಿದ್ದನ್ನು ನೋಡಿಬಿಟ್ಟರೆ ಕಾಟಾದ ಮೇಲಿನ ಮೂರು ಕೆಜಿ ನೋಡುವವರಿಗೆ ಹೊಸದಾಗಿ ಏನೂ ಹೇಳುವುದಿಲ್ಲ. ಅಣ್ಣ ಕಾಣಿಸಲೇ ಇಲ್ಲ ಅಂದರೆ ಆ ಎರಡು ಕೆಜಿಯಲ್ಲೇ ಅವನನ್ನು ಹುಡುಕಬೇಕು. ತಾಯಿಯ ಅಳು ಹೋಯಿತು. ಕಾಕಾನ ನೆನಪು ಹೋಯಿತು. ಸಂಗೀತವೂ ಹೋಯಿತು, ಗಿರಣಿಯ ಸಪ್ಪಳದ ಮುಂದೆ ಅದು ನಿಲ್ಲಲಿಲ್ಲ. ಮಾತೇ ಇಲ್ಲದ ಕಾರಣ ಸಬ್‌ಟೈಟಲ್ ಕೆಲಸವೂ ತಪ್ಪಿತು.

ಅರ್ಥವಾಗುತ್ತದೋ ಇಲ್ಲವೋ ಅನ್ನುವ ಭಯ ಮಾತ್ರ ಇತ್ತು. ಅವ್ವನಿಗೆ ತೋರಿಸಿದೆ. ಕಥೆ ಹೇಳಿರಲಿಲ್ಲ. ಕಾಟಾದ ಮೇಲೆ ಮೂರು ಬಂದ ಕೂಡಲೇ ಅವ್ವ, "ಮನಿಯಾಗ ಮಂದಿ ಕಡಿಮಿ ಆಗ್ಯಾರ" ಅಂದಳು. ನನಗೆ ಅಷ್ಟು ಸಾಕಿತ್ತು. ಆದರೆ ಅವ್ವ ಕೊನೆಯವರೆಗೂ ನೋಡಿ ಇನ್ನೊಂದು ಮಾತು ಹೇಳಿದಳು. "ಆ ಹುಡುಗ ಡಬ್ಬಿ ಮುಚ್ಚಳ ಹಾಕ್ಕೊಂಡು ಹೊಂಟಾನಲ್ಲೋ. ಬಿಸಿ ಹಿಟ್ಟು ಹಂಗ ಮುಚ್ಚಿದ್ರ ಬೆವರತೈತಿ. ಕೆಟ್ಟು ಹೋಗತೈತಿ."

ಹೌದಲ್ಲ. ನಾನೇ ಚಿಕ್ಕವನಿದ್ದಾಗ ಮುಚ್ಚಳ ಕಂಕುಳಲ್ಲಿ ಇಟ್ಟುಕೊಂಡು, ಡಬ್ಬಿ ಎದೆಗೆ ಅವಚಿಕೊಂಡು ಬರುತ್ತಿದ್ದೆ. ಚಳಿಗಾಲದಲ್ಲಿ ಆ ಬಿಸಿ ಎಷ್ಟು ಹಿತವಾಗಿರುತ್ತಿತ್ತು! ಇಪ್ಪತ್ತು ವರ್ಷದಿಂದ ಗೊತ್ತಿದ್ದ ವಿಷಯ ಶೂಟಿಂಗ್ ದಿನ ಮರೆತುಹೋಗಿತ್ತು, ಯಾಕೆಂದರೆ ಅವತ್ತು ನನ್ನ ಗಮನವೆಲ್ಲ ಫ್ರೇಮ್ ಮೇಲಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಹೋಗಿ ಆ ಶಾಟ್ ಮತ್ತೆ ತೆಗೆದೆ. ಹುಡುಗ ಮುಚ್ಚಳ ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಾನೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತಾನೆ. ಬಿಸಿ ಹಿಟ್ಟಿನೊಳಗೆ ಕೈ ಇಟ್ಟು ಹಾಗೇ ನಿಂತಿರುತ್ತಾನೆ. ಕೈ ಇಡು ಅಂತ ನಾನು ಹೇಳಿರಲಿಲ್ಲ. ಚಳಿ ಇತ್ತು, ಇಟ್ಟ. ಈಗ ಚಿತ್ರ ಅಲ್ಲಿಗೇ ಮುಗಿಯುತ್ತದೆ.

ಒಟ್ಟು ಖರ್ಚು ಹನ್ನೊಂದು ಸಾವಿರ. ಅದರಲ್ಲಿ ಜಾಸ್ತಿ ಹೋದದ್ದು ಬಸ್‌ಸ್ಟ್ಯಾಂಡ್ ದಿನದ ಊಟ, ಓಡಾಟಕ್ಕೆ.

ಮುಗಿದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಗಿರಣಿಗೆ ಹೋದೆ. ರಾತ್ರಿ ಎಂಟರ ಸುಮಾರು, ಕಾಕಾ ನೆಲ ಗುಡಿಸುತ್ತಿದ್ದರು. ಅವರ ತಲೆಗೆ ಹೆಡ್‌ಫೋನ್ ಹಾಕಿ ಚಿತ್ರ ಹಚ್ಚಿದೆ. ತಮ್ಮ ಮುಖ ಬಂದಾಗ ಏನೂ ಅನ್ನಲಿಲ್ಲ. ಕರೆಂಟ್ ಹೋಗುವಲ್ಲಿಗೆ ಬಂದಾಗ ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು.

"ತಮ್ಮಾ, ಮಷಿನ್ ನಿಲ್ಲತೈತಲ್ಲ, ಅದೊಂದು ಮತ್ತೊಮ್ಮೆ ಹಚ್ಚು."