ಸೊಕ್ಕು ಇಳಿಸ್ಕೊಂಡು ದೀನತೆ ಹಿಡಿಯೋದು ಹೇಗೆ: ಚಿಕ್ಕದ್ರಿಂದ ಶುರು ಮಾಡಿ

ಹೋದ ವರ್ಷ ನಮ್ಮ ಚರ್ಚ್ ಸಭೆಯ ಸುಗ್ಗಿ ಹಬ್ಬದಲ್ಲಿ, ಜನ ಕಾಣಿಕೆ ತಂದ ಬೆಳೆನ ಸಭೆಗೋಸ್ಕರ ಹರಾಜು ಹಾಕುವಾಗ, ನಾನು ಒಂದು ಕುಂಬಳಕಾಯಿಗೆ 2,200 ರೂಪಾಯಿ ಕೂಗಿದೆ. ಮನೆಗೆ ಕುಂಬಳಕಾಯಿ ಬೇಕಿರ್ಲಿಲ್ಲ, ಹಿಂದಿನ ಬೆಂಚಲ್ಲಿ ಕೂತಿದ್ದವರೊಬ್ರು ಬಿಡದೆ ಕೂಗ್ತಾನೇ ಇದ್ರು, ಅವರೆದುರು ಸೋಲಬಾರ್ದು ಅನ್ನಿಸ್ತು. ಎಲ್ರೂ ಚಪ್ಪಾಳೆ ತಟ್ಟಿದ್ರು. ಮನೆಗೆ ತಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟಾಗ ಹೆಂಡತಿ ಒಂದೇ ಮಾತು ಕೇಳಿದ್ಲು, "ರೀ, ಇದು ದೇವ್ರಿಗೆ ಕೊಟ್ಟಿದ್ದಾ, ಇಲ್ಲಾ ಅವರಿಗೆ ತೋರಿಸಿದ್ದಾ?" ನನ್ನ ಬಾಯಿಂದ ಉತ್ತರ ಬರ್ಲಿಲ್ಲ.

ಹಾಗಾಗಿ ಮೊದಲ ಕೆಲಸ, ಗರ್ವ ಎಲ್ಲಿ ಕೂತಿದೆ ಅಂತ ಹುಡುಕೋದು. ವಿಶ್ವಾಸಿಗಳಲ್ಲಿ ಅದು ಹೆಚ್ಚಾಗಿ ದುಡ್ಡಲ್ಲೋ ಬಟ್ಟೇಲೋ ಇರಲ್ಲ, ಸೇವೆ ಒಳಗೇ ಇರುತ್ತೆ. ವಂದನಾರ್ಪಣೆಲಿ ನಿಮ್ಮ ಹೆಸರು ಬಿಟ್ಟುಹೋದಾಗ ಮನಸ್ಸಿಗೆ ಏನಾಗುತ್ತೆ ನೋಡ್ಕೊಳ್ಳಿ. ನೀವು ಹಾಡ್ತಿದ್ದ ಹಾಡನ್ನ ಬೇರೆಯವರಿಗೆ ಕೊಟ್ಟಾಗ, ನೀವು ಪ್ರಾರ್ಥನೆ ಮಾಡಿ ಗುಣ ಆದವ್ರು ಸಭೆ ಮುಂದೆ ಸಾಕ್ಷಿ ಹೇಳೋವಾಗ ಇನ್ಯಾರದೋ ಹೆಸರು ಹೇಳಿದಾಗ. ಆ ಚುರುಕ್ ಅನ್ನೋ ನೋವಿದೆಯಲ್ಲ, ಅದನ್ನ ಅಲ್ಲಿಗೇ ಹಿಡ್ಕೊಂಡು "ಕರ್ತನೇ, ಇದು ನನ್ನ ಸೊಕ್ಕು" ಅಂತ ಹೆಸರಿಟ್ಟು ಹೇಳಿ. ಸುಮ್ನೆ "ನಾನು ಪಾಪಿ" ಅಂದ್ರೆ ಏನೂ ಹಿಡಿದ ಹಾಗಾಗಲ್ಲ.

ಎರಡನೇದು, ನಿಮಗಿಂತ ಚಿಕ್ಕವರ ಮಾತು ಕೇಳೋದು. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಬೈಬಲಿನ 2 ಅರಸುಗಳು 5ನೇ ಅಧ್ಯಾಯದ ನಾಮಾನನ ಕಥೆಯಿಂದ ನನಗೆ ಸಿಕ್ಕಿದ್ದು ಇದೇ. ನಾಮಾನ ಅರಾಮ್ ದೇಶದ ಸೇನಾಪತಿ, ಕುಷ್ಠ ಹತ್ತಿತ್ತು, ಬೆಳ್ಳಿ ಬಂಗಾರ ಹತ್ತು ಜೊತೆ ಬಟ್ಟೆ ಎಲ್ಲಾ ಕಟ್ಕೊಂಡು ಪ್ರವಾದಿ ಎಲೀಷನ ಮನೆ ಬಾಗಿಲಿಗೆ ಬಂದು ನಿಂತ. ಎಲೀಷ ಹೊರಗೇ ಬರ್ಲಿಲ್ಲ, ಒಬ್ಬನ ಕೈಲಿ ಹೇಳಿಕಳಿಸಿದ, ಯೊರ್ದನ್ ಹೊಳೇಲಿ ಏಳು ಸಲ ಮುಳುಗು ಅಂತ. ನಾಮಾನನಿಗೆ ಸಿಟ್ಟು ನೆತ್ತಿಗೇರ್ತು, ನಮ್ಮ ದಮಸ್ಕದ ಹೊಳೆಗಳು ಇದಕ್ಕಿಂತ ಚೆನ್ನಾಗಿಲ್ವಾ ಅಂತ ವಾಪಸ್ ಹೊರಟೇಬಿಟ್ಟ. ಆಗ ಆಳುಗಳು ಹೇಳಿದ್ದು, ದೊಡ್ಡ ಕೆಲಸ ಏನಾದ್ರೂ ಹೇಳಿದ್ರೆ ನೀವು ಮಾಡ್ತಿರ್ಲಿಲ್ವಾ, ಇಷ್ಟು ಚಿಕ್ಕದನ್ನ ಯಾಕೆ ಮಾಡಬಾರ್ದು ಅಂತ. ಅವನು ಹೋಗಿ ಮುಳುಗಿದ, ಗುಣ ಆಯ್ತು. ಲೆಕ್ಕ ಹಾಕಿ ನೋಡಿ, ಪ್ರವಾದಿ ಇದ್ದಾನೆ ಅಂತ ಮೊದಲು ಹೇಳಿದ್ದು ಸೆರೆಯಾಗಿ ಬಂದ ಒಬ್ಬ ಹುಡುಗಿ, ಮುಳುಗು ಅಂದಿದ್ದು ಒಬ್ಬ ಸಂದೇಶ ತಂದವನು, ಬುದ್ಧಿ ಹೇಳಿದ್ದು ಆಳುಗಳು. ಮೂರು ಸಲವೂ ಅವನಿಗೆ ಒಳ್ಳೇದು ಬಂದಿದ್ದು ಅವನಿಗಿಂತ ಕೆಳಗಿನವರ ಬಾಯಿಂದ.

ನಮ್ಮ ಕ್ವಯರಲ್ಲಿ ಕೀಬೋರ್ಡ್ ನುಡಿಸೋ ಹುಡುಗ, ಪಿಯುಸಿ ಓದ್ತಿದಾನೆ, ಒಂದಿನ ಪ್ರಾಕ್ಟೀಸಲ್ಲಿ "ಅಂಕಲ್, ಎರಡನೇ ಚರಣದಲ್ಲಿ ನೀವು ತಾಳ ಓಡಿಸ್ತಿದೀರಿ" ಅಂದ. ಇವನು ಹುಟ್ಟೋ ಮುಂಚಿಂದ ಹಾಡ್ತಿದೀನಿ ಅನ್ನೋ ಮಾತು ನಾಲಿಗೆ ತುದೀಲಿತ್ತು. ಹೇಗೋ ಬಾಯಿ ಮುಚ್ಕೊಂಡೆ, ಮನೇಲಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ಅವನು ಹೇಳಿದ್ದು ಸರಿ. ಮುಂದಿನ ಶನಿವಾರ ಎಲ್ರ ಮುಂದೆ ಅವನಿಗೆ ಹೇಳ್ದೆ, ಸರಿ ಹೇಳಿದ್ಯಪ್ಪ ಅಂತ. ಅದಕ್ಕೇ ನನ್ನ ಸಲಹೆ, ಯಾರಾದ್ರೂ ತಪ್ಪು ತೋರಿಸಿದ್ರೆ ಒಂದು ದಿನ ಉತ್ತರ ಕೊಡ್ಬೇಡಿ. ಒಂದೇ ದಿನ. ಮನೆಗೆ ಹೋಗಿ ಪರೀಕ್ಷೆ ಮಾಡಿ ಆಮೇಲೆ ಮಾತಾಡಿ.

ಇನ್ನು ಯೇಸು ಕೊನೇ ಊಟದಲ್ಲಿ ಶಿಷ್ಯರ ಕಾಲು ತೊಳೆದಿದ್ದು. ಯೋಹಾನ 13 ಓದುವಾಗ ಜೊತೆಗೆ ಲೂಕ 22 ಕೂಡ ಓದಿ, ಅದೇ ಊಟದ ಹೊತ್ತಲ್ಲಿ ಶಿಷ್ಯರು ನಮ್ಮಲ್ಲಿ ಯಾರು ದೊಡ್ಡವನು ಅಂತ ಜಗಳ ಆಡ್ತಿದ್ರು. ನಮ್ಮ ಕಡೆ ಬಂದವರಿಗೆ ಒಂದು ಚೊಂಬು ನೀರು ಕೊಡ್ತಿದ್ರು, ಅವರೇ ಕಾಲು ತೊಳ್ಕೊಂಡು ಒಳಗೆ ಬರ್ತಿದ್ರು, ನೀರು ಕೊಡೋದು ಮರ್ಯಾದೆ. ಯೇಸು ಕೊಟ್ಟಿದ್ದು ಚೊಂಬಲ್ಲ, ಮೇಲಂಗಿ ತೆಗೆದಿಟ್ಟು ಸೊಂಟಕ್ಕೆ ಟವೆಲ್ ಕಟ್ಕೊಂಡು ಸ್ವಂತ ಕೈಯಿಂದ ತೊಳೆದು ಒರೆಸಿದ. ಹಿಡಿದುಕೊಡೋ ಯೂದನೂ ಆಗಿನ್ನೂ ಅಲ್ಲೇ ಕೂತಿದ್ದ. ಯೋಹಾನ 13ರ ಮೂರನೇ ವಚನ ಬಿಡ್ಬೇಡಿ: ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ತಿಳಿದೇ ಎದ್ದ. ತಾನು ಯಾರು ಅಂತ ಗೊತ್ತಿದ್ದದ್ರಿಂದ್ಲೇ ಬಗ್ಗೋಕೆ ಅವನಿಗೆ ಭಯ ಇರ್ಲಿಲ್ಲ. ನಮಗೆ ಬಗ್ಗೋದು ಕಷ್ಟ ಆಗೋದು ನಾವು ದೇವರ ಮಕ್ಕಳು ಅನ್ನೋದು ಇನ್ನೂ ಮನಸ್ಸಿಗೆ ಇಳಿದಿಲ್ಲ ಅಂತ, ಅದಕ್ಕೇ ಜನ ಕೊಡೋ ಕುರ್ಚಿ ಬೇಕಾಗುತ್ತೆ.

ಮಾಡೋಕೇನು? ವಾರಕ್ಕೊಂದು ಕೆಲಸ, ಯಾರಿಗೂ ಗೊತ್ತಾಗದ ಹಾಗೆ. ಪ್ರೀತಿಭೋಜನ ಆದ್ಮೇಲೆ ಪಾತ್ರೆ ತಿಕ್ಕೋದು, ಚರ್ಚ್ ಟಾಯ್ಲೆಟ್ ತೊಳೆಯೋದು, ಹಾಸಿಗೆ ಹಿಡಿದ ಅಜ್ಜಿ ಹತ್ರ ಒಂದು ಗಂಟೆ ಕೂತು ಬರೋದು. ಫೋಟೋ ಬೇಡ, ವಾಟ್ಸಾಪ್ ಸ್ಟೇಟಸ್ ಬೇಡ, ಪ್ರಾರ್ಥನಾ ವಿನಂತಿ ಅಂತ ಸುತ್ತಿಬಳಸಿ ಹೇಳೋದೂ ಬೇಡ.

ಪ್ರಾರ್ಥನೇಲಿ ಹೋಲಿಕೆ ಬಿಡಿ. ಲೂಕ 18ರ ಫರಿಸಾಯ (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸ್ತಿದ್ದ ಯೆಹೂದ್ಯ) ಹೇಳಿದ್ರಲ್ಲಿ ಸುಳ್ಳು ಅಂತ ಏನೂ ಕಾಣಲ್ಲ, ವಾರಕ್ಕೆರಡು ಸಲ ಉಪವಾಸ, ದಶಮಾಂಶ, ಆದ್ರೆ ಕಣ್ಣು ದೂರದಲ್ಲಿ ನಿಂತ ಸುಂಕದವನ ಮೇಲಿತ್ತು.

ಒಂದು ಎಚ್ಚರಿಕೆ ಹೇಳ್ಲೇಬೇಕು. ದೀನತೆ ಅಂದ್ರೆ ಹೊಡೆಸ್ಕೊಂಡು ಸುಮ್ನಿರೋದಲ್ಲ. ಅಪೊಸ್ತಲರ ಕೃತ್ಯಗಳು 22ರಲ್ಲಿ ಪೌಲನನ್ನ ಕೊರಡೆಯಿಂದ ಹೊಡೆಯೋಕೆ ಕಟ್ಟಿದಾಗ ರೋಮ್ ಪ್ರಜೆಯನ್ನ ವಿಚಾರಣೆ ಇಲ್ದೆ ಹೊಡೆಯಬಹುದಾ ಅಂತ ಅವನು ನೇರವಾಗಿ ಕೇಳಿದ, ತಡೆದ. ಮನೇಲಿ ಗಂಡ ಕೈ ಮಾಡ್ತಾನೆ ಅಂದಾಗ "ತಗ್ಗಿ ನಡಿಯಮ್ಮಾ" ಅಂತ ವಚನ ತೋರಿಸಿ ಕಳಿಸೋರನ್ನ ಕಂಡ್ರೆ ನನಗೆ ತುಂಬಾ ನೋವಾಗುತ್ತೆ, ಅದು ದೀನತೆಯ ಬೋಧನೆ ಅಲ್ಲವೇ ಅಲ್ಲ. ಹಾಗೇ ಹೊಗಳಿದಾಗೆಲ್ಲ "ಅಯ್ಯೋ ನನ್ನದೇನೂ ಇಲ್ಲ" ಅಂತ ಇನ್ನೆರಡು ಸಲ ಹೊಗಳಿಸ್ಕೊಳ್ಳೋದೂ ಬೇಡ, ಥ್ಯಾಂಕ್ಸ್ ಅಂತ ಹೇಳಿ ಮುಗಿಸಿ.

ಕೊನೇದು ಎಲ್ಲಕ್ಕಿಂತ ಕಷ್ಟ. ಮಾತು ಬಿಟ್ಟವರು ಯಾರಾದ್ರೂ ಇದ್ದಾರಲ್ಲ, ಅವರ ಹತ್ರ ಮೊದಲು ನೀವೇ ಹೋಗೋದು. ಕ್ರಿಸ್ತನು ತನ್ನನ್ನ ತಗ್ಗಿಸ್ಕೊಂಡ ಅಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲೇ, ಎರಡು ಅಧ್ಯಾಯ ಮುಂದೆ, ಯುವೊದ್ಯ ಸಂತುಕೆ ಅನ್ನೋ ಇಬ್ಬರು ಸೇವಕಿಯರಿಗೆ ಒಂದೇ ಮನಸ್ಸಾಗಿರಿ ಅಂತ ಹೆಸರು ಹಿಡಿದು ಬೇಡ್ಕೊಂಡಿದ್ದಾನೆ. ಹೋಗುವಾಗ ಫೋನ್ ಮೆಸೇಜ್ ಬೇಡ, ಮನೆಗೇ ಹೋಗಿ. "ನಂದೂ ತಪ್ಪಿದೆ, ನಿಮ್ದೂ ಇದೆ" ಅನ್ಬೇಡಿ. ನಿಮ್ಮ ತಪ್ಪೇನು ಅನ್ನೋದನ್ನ ಮಾತ್ರ ಹೇಳಿ, "ಆದ್ರೆ" ಅನ್ನೋ ಪದ ಬರೋ ಮುಂಚೆ ನಿಲ್ಲಿಸಿ, ಅವರು ಕಾಫಿ ಕೊಟ್ರೆ ಕುಡಿದು ಬನ್ನಿ, ಕೊಡದಿದ್ರೂ ಬನ್ನಿ.